ಗ್ರಾಮಸಭೆಯ ನೋಟಿಸು ಡೇರಿ ಬಾಗಿಲಿಗೂ ಬರಲಿ



ಕಾಲುಬಾಯಿ ಜ್ವರದ ಲಸಿಕೆ ನಾಳೆ ಎಂದು ಸಂಜೆ ಡೇರಿಯಲ್ಲಿ ಹೇಳಿದರೆ ಸಾಕು, ಬೆಳಿಗ್ಗೆ ನಾವು ಬರುವಷ್ಟರಲ್ಲಿ ನೀವು ದನ ಹಿಡಿದು ಕಾಯುತ್ತಿರುತ್ತೀರಿ. ಅದೇ ಊರಲ್ಲಿ ಗ್ರಾಮಸಭೆ ನಡೆದರೆ, "ಯಾವಾಗ ಆಯ್ತು ಸಾರ್?" ಎಂದು ಕೇಳುವವರೇ ಹೆಚ್ಚು. ಇಲ್ಲಿ ಜನರಿಗೆ ಆಸಕ್ತಿ ಇಲ್ಲ ಎನ್ನುವುದಕ್ಕಿಂತ ಸುದ್ದಿ ಮುಟ್ಟಿಲ್ಲ ಎನ್ನುವುದೇ ಸರಿ.

ಸಭೆಯಲ್ಲಿ ನಮಗೇನು ಕೆಲಸ ಎನ್ನಬೇಡಿ. ಉದ್ಯೋಗ ಖಾತರಿಯ ದನದ ಕೊಟ್ಟಿಗೆ ಯಾರಿಗೆ, ಜಾನುವಾರುಗಳ ನೀರಿನ ತೊಟ್ಟಿ ಎಲ್ಲಿಗೆ ಎಂಬ ಬೇಡಿಕೆಗಳು ವಾರ್ಡ್ ಸಭೆ, ಗ್ರಾಮಸಭೆಗಳ ಮೂಲಕವೇ ಪಟ್ಟಿ ಸೇರಬೇಕು. ಹಾಲು ಕೊಡುವ ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕು. ಜಗಳೂರಿನಂಥ ಬರದ ಸೀಮೆಯಲ್ಲಿ ಒಂದು ತೊಟ್ಟಿ ತಪ್ಪಿದರೆ ನಷ್ಟ ನಿಮ್ಮ ಹಾಲಿನ ಲೆಕ್ಕದಲ್ಲೇ ಕಾಣುತ್ತದೆ.

ಕಾನೂನು ಸ್ಪಷ್ಟವಾಗಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಗ್ರಾಮಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಇರಬೇಕು. ಪಂಚಾಯಿತಿ ಸದಸ್ಯರ ಸಾಮಾನ್ಯ ಸಭೆಗಾದರೆ ಏಳು ದಿನ ಮುಂಚೆ, ವಿಶೇಷ ಸಭೆಗೆ ಮೂರು ದಿನ ಮುಂಚೆ, ವಿಷಯಗಳ ಸಮೇತ ನೋಟಿಸು ಕೊಟ್ಟು ಕಚೇರಿಯಲ್ಲೂ ಅಂಟಿಸಬೇಕು.

ಆದರೆ ಪಂಚಾಯಿತಿ ಕಚೇರಿಯ ಫಲಕವನ್ನು ದಿನಾ ಓದುವವರು ಎಷ್ಟು ಜನ? ನಾಲ್ಕಾರು ಹಳ್ಳಿಗಳಿಗೆ ಒಂದೇ ಕಚೇರಿ. ದಿನಕ್ಕೆರಡು ಸಲ, ಕ್ಯಾನು ಹಿಡಿದು, ಹೆಣ್ಣುಮಕ್ಕಳೂ ಸೇರಿ ಜನ ಬರುವ ಜಾಗ ಡೇರಿ. ಗ್ರಾಮಸಭೆಯಲ್ಲಿ ಶೇ. 30ರಷ್ಟಾದರೂ ಮಹಿಳೆಯರಿರಬೇಕು ಎನ್ನುವ ಕಾಯ್ದೆಗೆ ಇದಕ್ಕಿಂತ ಒಳ್ಳೆಯ ಫಲಕ ಸಿಗದು.

ಡೇರಿಗೆ ರಾಜಕೀಯ ಬರುತ್ತದೆ ಎಂದು ಕೆಲವು ಕಾರ್ಯದರ್ಶಿಗಳು ಅಳುಕುತ್ತಾರೆ. ಅಳುಕು ಸುಳ್ಳಲ್ಲ. ಆದರೆ ನಾವು ಅಂಟಿಸುವುದು ಯಾವ ಪಕ್ಷದ ಕರಪತ್ರವನ್ನೂ ಅಲ್ಲ, ಪಂಚಾಯಿತಿ ಮೊಹರಿನ ಕಾಗದವನ್ನು. ಸಂಘದ ಮಹಾಸಭೆಯ ನೋಟಿಸನ್ನು ಹಾಕುವ ಗೋಡೆಗೆ ಇದೇನು ಭಾರವೇ?

ಹಾಗಾಗಿ ನನ್ನ ಸಲಹೆ ಇಷ್ಟು. ನಿಮ್ಮ ಸಂಘದ ಆಡಳಿತ ಮಂಡಳಿ ಒಂದು ಠರಾವು ಮಾಡಿ, ಸಭೆಯ ನೋಟಿಸಿನ ಪ್ರತಿಯನ್ನು ಡೇರಿಗೂ ಕಳಿಸುವಂತೆ ಪಿಡಿಒ ಅವರಿಗೆ ಪತ್ರ ಕೊಡಲಿ. ನೋಟಿಸಿನಲ್ಲಿ ದಿನ, ಹೊತ್ತು, ಜಾಗದ ಜೊತೆಗೆ ಚರ್ಚೆಯ ವಿಷಯಗಳೂ ಇರಲಿ. ಹೊನ್ನಾಳಿಯ ಭತ್ತದ ನಾಟಿ, ನ್ಯಾಮತಿಯಲ್ಲಿ ಮೆಕ್ಕೆಜೋಳ ಮುರಿಯುವ ಕಾಲ, ಚನ್ನಗಿರಿಯ ಅಡಿಕೆ ಕೊಯ್ಲು ನೋಡಿಕೊಂಡು ದಿನ ಗೊತ್ತುಮಾಡಲಿ ಎಂದೂ ಕೇಳಿ. ಸಭೆ ಮುಗಿದ ಮೇಲೆ ಮನೆಗೆ ಸಹಿ ಪುಸ್ತಕ ಬಂದರೆ ಸಹಿ ಹಾಕಬೇಡಿ. ಹೋಗದ ಸಭೆಗೆ ಹಾಕಿದ ಸಹಿ, ನೀವು ಒಪ್ಪದ ಪಟ್ಟಿಗೂ ಒಪ್ಪಿಗೆಯಾಗುತ್ತದೆ.

ಮುಂದಿನ ಗ್ರಾಮಸಭೆ ಯಾವತ್ತು ಎಂದು ಈ ವಾರವೇ ವಿಚಾರಿಸಿ. ತಿಳಿದವರು ಡೇರಿಯಲ್ಲಿ ಉಳಿದವರಿಗೂ ಹೇಳಿ.