ಮನೆಗೆ ಬಂದ ಮರಿ, ಅಜ್ಜಿಯ ಮಡಿ

ಬೆಂಗಳೂರಿನ ಜಯನಗರದಲ್ಲೊಂದು ಮನೆ. ಮನೆಯೆಂದರೆ ಅಂಗಳ, ಹಿತ್ತಿಲು, ಬಾವಿಕಟ್ಟೆಗಳಿದ್ದ ಹಿಂದಿನ ಕಾಲದ ಮನೆಯಲ್ಲ. ಮೂರನೆಯ ಅಂತಸ್ತಿನಲ್ಲಿರುವ ಎರಡು ಕೋಣೆಗಳ ಫ್ಲ್ಯಾಟು. ಅಲ್ಲಿಗೆ ಒಂದು ಭಾನುವಾರ ಸಂಜೆ ಬುಟ್ಟಿಯೊಳಗೆ ಕುಳಿತು ಎರಡು ತಿಂಗಳ ಬಿಳಿಯ ನಾಯಿಮರಿಯೊಂದು ಆಗಮಿಸಿತು. ಹತ್ತಿಯ ಉಂಡೆಗೆ ಮೂರು ಕಪ್ಪು ಗುಂಡಿಗಳನ್ನು ಹೊಲಿದಂತಿದ್ದ ಅದನ್ನು ಕಂಡು ಮಕ್ಕಳಿಬ್ಬರೂ ಕುಣಿದಾಡಿದರು. ‘ಪಾಮರೇನಿಯನ್, ಅಪ್ಪಟ ತಳಿ’ ಎಂದು ಯಜಮಾನರು ಹೆಮ್ಮೆಯಿಂದ ಸಾರಿದರು. (ಆ ಹೆಸರಿನಲ್ಲಿ ಕನ್ನಡನಾಡಿನ ಊರುಗಳಲ್ಲಿ ಬೆಳೆಯುತ್ತಿರುವ ಎಷ್ಟೋ ನಾಯಿಗಳು ನಿಜವಾಗಿ ಇಂಡಿಯನ್ ಸ್ಪಿಟ್ಜ್ ಎಂಬ ಜಾತಿಯವು. ಆದರೆ ಆ ದಿನ ಆ ಮನೆಯಲ್ಲಿ ಅದನ್ನು ಹೇಳುವ ಧೈರ್ಯ ಯಾರಿಗಿದ್ದೀತು?) ಅಜ್ಜಿಯೊಬ್ಬರು ಮಾತ್ರ ದೇವರ ಕೋಣೆಯ ಹೊಸ್ತಿಲಿನಿಂದ ಈಚೆಗೆ ಕಾಲಿಡಲಿಲ್ಲ.

ಬಂದ ಅರ್ಧ ಗಂಟೆಯೊಳಗೆ ಮರಿ ಎರಡು ಸಲ ಜಲಬಾಧೆ ತೀರಿಸಿಕೊಂಡಿತು. ಒಮ್ಮೆ ಬಾಗಿಲ ಬಳಿಯ ಕಾಲೊರಸಿನ ಮೇಲೆ, ಇನ್ನೊಮ್ಮೆ ಅಜ್ಜಿ ಮಡಿಸಿಟ್ಟಿದ್ದ ಕೌದಿಯ ಮೇಲೆ. ಮರುದಿನ ಹಜಾರದ ಮೂಲೆ ಬಹಿರ್ದೆಸೆಯ ಸ್ಥಾನವಾಯಿತು. ವಾರ ಕಳೆಯುವಷ್ಟರಲ್ಲಿ ಮನೆಯ ಗಾಳಿಯಲ್ಲಿ ಊದಿನಕಡ್ಡಿ, ಫಿನೈಲು, ಮೂತ್ರ ಇವು ಮೂರೂ ಸೇರಿದ ವಿಚಿತ್ರ ಪರಿಮಳವೊಂದು ನೆಲೆಸಿತು. ಇಷ್ಟೇ ಆಗಿದ್ದರೆ ನಗಬಹುದಾಗಿತ್ತು. ಒಂದು ನಸುಕಿನಲ್ಲಿ ಬಚ್ಚಲಿಗೆ ಹೊರಟ ಅಜ್ಜಿ ನಯವಾದ ಹಾಸುಕಲ್ಲಿನ ಮೇಲಿದ್ದ ಒದ್ದೆಯನ್ನು ಕಾಣದೆ ಜಾರಿದರು. ಗೋಡೆ ಕೈಗೆ ಸಿಕ್ಕಿದ್ದರಿಂದ ಬೀಳುವುದು ತಪ್ಪಿತು. ಎಪ್ಪತ್ತೆಂಟರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವುದೆಂದರೆ ಏನೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಇನ್ನು ಹದಿನೈದು ದಿನ. ಅಷ್ಟರಲ್ಲಿ ಇದು ಕಲಿಯದಿದ್ದರೆ ಕೊಟ್ಟವರಿಗೇ ಹಿಂದಕ್ಕೆ’ ಎಂದು ಯಜಮಾನರು ತೀರ್ಪಿತ್ತರು. ಅಂದು ರಾತ್ರಿ ಮಗಳು ಊಟಕ್ಕೆ ಏಳಲಿಲ್ಲ.

ಕಲಿಸುವ ಮಾರ್ಗವೆಂದು ಯಜಮಾನರು ಹಿಡಿದದ್ದು ಯಾರೋ ಸ್ನೇಹಿತರು ಹೇಳಿಕೊಟ್ಟದ್ದು. ಕಚೇರಿಯಿಂದ ಬಂದೊಡನೆ ಒದ್ದೆ ಕಂಡರೆ ಮರಿಯ ಮೂತಿಯನ್ನು ಅದಕ್ಕೆ ಒತ್ತುವುದು, ಸುರುಳಿ ಸುತ್ತಿದ ಪತ್ರಿಕೆಯಿಂದ ಒಂದೇಟು ಹಾಕುವುದು. ಮರಿ ಕಿವಿ ಮಡಿಸಿ, ಕಣ್ಣು ತಿರುಗಿಸಿ, ಬಾಲವನ್ನು ಕಾಲ ಸಂದಿಗೆ ಸೇರಿಸಿ ನಡುಗುತ್ತಿತ್ತು. ‘ನೋಡಿ, ತಪ್ಪು ಮಾಡಿದ್ದು ಅದಕ್ಕೂ ಗೊತ್ತು’ ಎಂದು ಅವರಿಗೆ ಸಮಾಧಾನ.

ಅದಕ್ಕೆ ಗೊತ್ತಿರಲಿಲ್ಲ. ಅಮೆರಿಕದ ವಿದುಷಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬಾಕೆ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಪರೀಕ್ಷಿಸಿತು. ಬೇಡವೆಂದ ತಿಂಡಿಯನ್ನು ಕೆಲವು ನಾಯಿಗಳು ತಿಂದಿದ್ದವು, ಕೆಲವು ತಿಂದಿರಲಿಲ್ಲ. ಆದರೆ ತಿಂದಿದೆಯೆಂದು ಯಜಮಾನರಿಗೆ ಹೇಳಿದಾಗ ಅವರು ಗದರಿಸಿದ ನಾಯಿಗಳು ಆ ‘ತಪ್ಪಿತಸ್ಥ ಮುಖ’ವನ್ನು ಹೆಚ್ಚಾಗಿ ತೋರಿದವು. ತಪ್ಪು ಮಾಡದೆ ಬೈಸಿಕೊಂಡವುಗಳ ಮುಖವೇ ಹೆಚ್ಚು ಬಾಡಿತ್ತು. ಅಂದರೆ ಆ ಮುಖ ಯಜಮಾನನ ಕೋಪಕ್ಕೆ ಹಿಡಿದ ಕನ್ನಡಿ, ಅಪರಾಧದ ಒಪ್ಪಿಗೆಯಲ್ಲ. ಗಂಟೆಯ ಹಿಂದೆ ಹಜಾರದಲ್ಲಿ ನಡೆದ ಕ್ರಿಯೆಗೂ ಈಗ ಬೀಳುತ್ತಿರುವ ಏಟಿಗೂ ಇರುವ ಸಂಬಂಧವನ್ನು ಮರಿಯ ಬುದ್ಧಿ ಹೆಣೆಯಲಾರದು. ಅದು ಕಲಿಯುವುದು ಇಷ್ಟೆ: ಮನುಷ್ಯರ ಕಣ್ಣೆದುರು ಕೂರಬಾರದು, ಮಂಚದ ಕೆಳಗೆ ಹೋಗಿ ಕೂರಬೇಕು. ಹಾಗೆಯೇ ಆಯಿತು.

ಈ ಸಂಗತಿಗೆ ನಮ್ಮಲ್ಲಿ ಬಹು ಹಳೆಯ ಸಾಕ್ಷ್ಯವುಂಟು. ಮಹಾಭಾರತದ ಆದಿಪರ್ವದ ಮೊದಲಲ್ಲೇ, ಜನಮೇಜಯನ ಸತ್ರಯಾಗ ನಡೆಯುವಲ್ಲಿಗೆ ಸರಮೆಯ ಮಗನಾದ ನಾಯಿಯೊಂದು ಬರುತ್ತದೆ. ಅರಸನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ವಿಚಾರಿಸಿದರೆ, ಹವಿಸ್ಸನ್ನು ತಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ. ನಿರಪರಾಧಿಯನ್ನು ಏಕೆ ಹೊಡೆದಿರೆಂದು ಸರಮೆ ಹೋಗಿ ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲೆಂದು ಅವಳು ಶಪಿಸುತ್ತಾಳೆ. ಪುರಾಣ ಕೇಳಿ ಬೆಳೆದ ಅಜ್ಜಿಗೆ ಈ ಕಥೆ ಬಾಯಿಪಾಠ. ಮಗನ ಕೈಯಲ್ಲಿ ಪತ್ರಿಕೆಯ ಸುರುಳಿಯನ್ನು ಕಂಡ ಮೂರನೆಯ ದಿನ ಅವರು ದೇವರ ಕೋಣೆಯಿಂದಲೇ, ‘ಲೋ, ಅದನ್ನು ಹೊಡೀಬೇಡ’ ಎಂದರು. ಮರಿಯ ಪರವಾಗಿ ಅವರಾಡಿದ ಮೊದಲ ಮಾತು ಅದು.

ಯಜಮಾನರ ಎರಡನೆಯ ಉಪಾಯ ಇನ್ನೂ ಅಪಾಯದ್ದು. ಒಳಗೆ ಹೋದರೆ ತಾನೆ ಹೊರಗೆ ಬರುವುದು ಎಂಬ ತರ್ಕದಿಂದ ನೀರಿನ ಬಟ್ಟಲನ್ನು ಎತ್ತಿಟ್ಟು, ಊಟವನ್ನು ದಿನಕ್ಕೊಮ್ಮೆಗೆ ಇಳಿಸಿದರು. ಎರಡನೆಯ ದಿನ ಮಧ್ಯಾಹ್ನ ಮರಿ ತೂರಾಡತೊಡಗಿತು, ಕರೆದರೆ ತಲೆಯೆತ್ತಲಿಲ್ಲ. ಗೃಹಿಣಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹಿಡಿದು ಪಶುವೈದ್ಯರಲ್ಲಿಗೆ ಓಡಿದರು. ಸಣ್ಣ ತಳಿಯ ಮರಿಗಳ ದೇಹದಲ್ಲಿ ಸಕ್ಕರೆಯ ಸಂಗ್ರಹ ಅತ್ಯಲ್ಪ. ಹೊತ್ತಿಗೆ ಸರಿಯಾಗಿ ಆಹಾರ ಬೀಳದಿದ್ದರೆ ರಕ್ತದ ಸಕ್ಕರೆ ಇಳಿದು ಸೆಳವು ಬರಬಹುದು, ಪ್ರಾಣವೂ ಹೋಗಬಹುದು. ವೈದ್ಯರು ಒಸಡಿಗೆ ಸಕ್ಕರೆಯ ಪಾಕ ಸವರಿ, ಸೂಜಿಮದ್ದು ಕೊಟ್ಟು ಅದನ್ನು ಉಳಿಸಿದರು. ಉಳಿಸಿದ ಮೇಲೆ ಗೃಹಿಣಿಗೆ ಒಂದಿಷ್ಟು ಬುದ್ಧಿಯನ್ನೂ ಹೇಳಿದರು. ಆ ಮನೆಯ ದೆಸೆ ತಿರುಗಿದ್ದು ಅಲ್ಲಿಂದ.

ಅವರು ಹೇಳಿದ್ದರ ತಿರುಳು ಸರಳ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆಗಳ ಕಾಲ ಅದು ಮೂತ್ರವನ್ನು ತಡೆಯಬಲ್ಲದೆಂಬ ಸ್ಥೂಲ ಲೆಕ್ಕವೊಂದಿದೆ. ಆದರೆ ಪುಟ್ಟ ತಳಿಯ ಮೂತ್ರಕೋಶ ಪುಟ್ಟದು. ಎಚ್ಚರವಿದ್ದು ಆಡುವ ಮರಿಗೆ ಒಂದು ಗಂಟೆಯೇ ಹೆಚ್ಚು. ನಿದ್ರೆಯಿಂದ ಎದ್ದಾಗ, ಆಟ ಮುಗಿದಾಗ, ನೀರು ಕುಡಿದಾಗ ಅದಕ್ಕೆ ಒತ್ತಡ ತಪ್ಪದು. ಉಂಡ ಮೇಲಂತೂ, ಹೊಟ್ಟೆ ತುಂಬಿದೊಡನೆ ಕರುಳು ಚಲಿಸುವುದರಿಂದ, ಐದರಿಂದ ಮೂವತ್ತು ನಿಮಿಷಗಳೊಳಗೆ ಬಹಿರ್ದೆಸೆ ನಿಶ್ಚಿತ. ಆದ್ದರಿಂದ ಊಟ ದಿನಕ್ಕೆ ಮೂರು ನಾಲ್ಕು ಬಾರಿ, ಗಡಿಯಾರ ನೋಡಿ. ಒಳಗೆ ಹೋಗುವ ಹೊತ್ತು ಗೊತ್ತಾದರೆ ಹೊರಗೆ ಬರುವ ಹೊತ್ತೂ ಗೊತ್ತಾಗುತ್ತದೆ. ಮರಿ ನೆಲ ಮೂಸುತ್ತ ಸುತ್ತು ಹಾಕತೊಡಗಿತೆಂದರೆ ಗದ್ದಲವೆಬ್ಬಿಸದೆ ಎತ್ತಿಕೊಂಡು ಗೊತ್ತಾದ ಜಾಗಕ್ಕೆ ಒಯ್ಯಬೇಕು. ಅಲ್ಲಿ ಕೆಲಸ ಮುಗಿಸಿದೊಡನೆ, ಎರಡು ಕ್ಷಣಗಳೂ ತಡಮಾಡದೆ, ಒಂದು ಚೂರು ತಿಂಡಿ, ಒಂದು ಮೆಚ್ಚುಮಾತು. ಮನೆಯೊಳಗೆ ಬಂದ ಮೇಲೆ ಕೊಟ್ಟ ಬಹುಮಾನ ಮನೆಯೊಳಗೆ ಬಂದದ್ದಕ್ಕೇ ಸಲ್ಲುತ್ತದೆ.

ಗೊತ್ತಾದ ಜಾಗ ಯಾವುದು? ಚುಚ್ಚುಮದ್ದುಗಳ ಸರಣಿ ಮುಗಿಯಲು ಮರಿಗೆ ನಾಲ್ಕು ತಿಂಗಳಾದರೂ ತುಂಬಬೇಕು. ಅಲ್ಲಿಯವರೆಗೆ ಬೀದಿಯ ನೆಲ ಪಾರ್ವೋ ರೋಗದ ಭಯವಿರುವ ನೆಲ. ಆದ್ದರಿಂದ ಬಾಲ್ಕನಿಯ ಮೂಲೆಯಲ್ಲಿ ಅಗಲವಾದ ತಟ್ಟೆಯಿಟ್ಟು, ಅದರಲ್ಲಿ ಹುಲ್ಲುಸಹಿತವಾದ ಮಣ್ಣಿನ ಹೆಂಟೆಗಳನ್ನು ಹಾಸಿದರು. ಅದೂ ಬೀದಿಯದಲ್ಲ, ಸಸ್ಯದ ಅಂಗಡಿಯಿಂದ ತಂದದ್ದು. ಮರಿಗಳ ಪಾದ ಮೆತ್ತಗಿನ, ಹೀರಿಕೊಳ್ಳುವ ನೆಲವನ್ನು ಅರಸುತ್ತದೆ. ಕಾಲೊರಸಿಗೂ ಕೌದಿಗೂ ಬಂದ ಗ್ರಹಚಾರದ ಗುಟ್ಟು ಇದೇ. ಅವೆರಡನ್ನೂ ಕೆಲವು ತಿಂಗಳು ಅಟ್ಟಕ್ಕೇರಿಸಲಾಯಿತು. ಮನೆಯೆಲ್ಲ ತಿರುಗಾಡುವ ಸ್ವಾತಂತ್ರ್ಯ ಮರಿಗೂ ತಪ್ಪಿತು. ಕಣ್ಣಿಡಲು ಯಾರೂ ಇಲ್ಲದಾಗ ಹಜಾರದ ಒಂದು ಮೂಲೆಗೆ ತಡಿಕೆ ಕಟ್ಟಿ, ಮಲಗುವ ಬುಟ್ಟಿಯನ್ನು ಅಲ್ಲಿಟ್ಟರು. ಮಲಗುವೆಡೆಯನ್ನು ನಾಯಿ ತಾನಾಗಿ ಕೆಡಿಸಿಕೊಳ್ಳಲು ಬಯಸುವುದಿಲ್ಲ.

ಶುದ್ಧಿಯ ವಿಷಯದಲ್ಲಿ ಗೃಹಿಣಿ ಕಲಿಯಬೇಕಾದದ್ದು ಬಹಳವಿತ್ತು. ಫಿನೈಲು ಮನುಷ್ಯನ ಮೂಗಿಗೆ ಮೂತ್ರದ ವಾಸನೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಹಳೆಯ ವಾಸನೆ ಉಳಿದಲ್ಲಿಗೇ ಅದು ಮರಳಿ ಬರುತ್ತದೆ. ನೆಲ ನೆಕ್ಕುವ ಮರಿಗೆ ಫಿನೈಲು ಒಳ್ಳೆಯದೂ ಅಲ್ಲ. ಅಮೋನಿಯಾ ಬೆರೆತ ದ್ರವಗಳ ವಾಸನೆ ಮೂತ್ರದಂತೆಯೇ ಇರುವುದರಿಂದ ಅವು ಕರೆದು ಕೂರಿಸಿದಂತೆ. ಬ್ಲೀಚಿಂಗ್ ಪುಡಿಯನ್ನು ಹಸಿ ಮೂತ್ರದ ಮೇಲೆ ಸುರಿಯುವುದಂತೂ ಕೂಡದು. ಎರಡೂ ಕೂಡಿದರೆ ಎದೆಗೆ ಕೆಡುಕಾದ ಅನಿಲ ಏಳುತ್ತದೆ. ಮೊದಲು ಹಳೆಯ ಬಟ್ಟೆಯನ್ನು ಒತ್ತಿ ಹೀರಿಸಬೇಕು, ಉಜ್ಜಿ ಹರಡಬಾರದು. ನೀರಿನಿಂದ ಒರೆಸಿದ ಮೇಲೆ, ಸಾಕುಪ್ರಾಣಿಗಳ ಅಂಗಡಿಯಲ್ಲಿ ದೊರೆಯುವ ಕಿಣ್ವಯುಕ್ತ ದ್ರವವನ್ನು ಹಾಕಿ ಹತ್ತು ಹದಿನೈದು ನಿಮಿಷ ಬಿಡಬೇಕು. ವಾಸನೆಯ ಮೂಲವನ್ನೇ ಒಡೆಯುವುದು ಕಿಣ್ವದ ಕೆಲಸ.

ಯಜಮಾನರು ಮನೆಗೆ ಬಂದೊಡನೆ ಮರಿ ಮೈ ಕುಗ್ಗಿಸಿ ನಾಲ್ಕು ಹನಿ ಬಿಡುವುದು ಮಾತ್ರ ಬಹುಕಾಲ ನಿಲ್ಲಲಿಲ್ಲ. ಅದು ಅಶಿಸ್ತಲ್ಲ, ಶರಣಾಗತಿ. ಪತ್ರಿಕೆಯ ಏಟಿನ ನೆನಪಿಗೂ ಅದರಲ್ಲಿ ಪಾಲಿದ್ದಿರಬೇಕು. ಬಂದೊಡನೆ ಮಾತನಾಡಿಸದೆ, ಮೇಲೆ ಬಾಗದೆ, ಸ್ವಲ್ಪ ಹೊತ್ತು ಬಿಟ್ಟು ಪಕ್ಕದಲ್ಲಿ ಕುಳಿತು ಕೈ ನೀಡಬೇಕೆಂದು ವೈದ್ಯರು ತಿಳಿಸಿದ್ದರು. ಕಚೇರಿಯಲ್ಲಿ ಹತ್ತು ಜನರನ್ನು ಗದರಿಸುವ ಆ ಮಹನೀಯರು ಪ್ರತಿ ಸಂಜೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಮರಿಯ ಕೃಪೆಗಾಗಿ ಕಾಯುವುದು ನೋಡತಕ್ಕ ದೃಶ್ಯವಾಗಿತ್ತು. ಹನಿ ಹನಿಯಾಗಿ ಪದೇ ಪದೇ ಹೋಗುವುದು, ಮುಕ್ಕುವುದು, ರಕ್ತ ಕಾಣುವುದು ಇವು ಬೇರೆ. ಅವು ರೋಗದ ಗುರುತು, ವೈದ್ಯರ ಪಾಲಿನವು.

ಹದಿನೈದು ದಿನಗಳ ಗಡುವು ಬಂತು. ಮರಿ ಪೂರ್ತಿ ಕಲಿತಿರಲಿಲ್ಲ. ಸಣ್ಣ ತಳಿಗಳು ನಂಬಿಕೆಗೆ ಅರ್ಹವಾಗಲು ಆರು ತಿಂಗಳು, ಕೆಲವಕ್ಕೆ ವರ್ಷವೇ ಹಿಡಿಯುತ್ತದೆ. ಆದರೆ ದಿನಕ್ಕೆ ಎಂಟಿದ್ದದ್ದು ಎರಡಕ್ಕಿಳಿದಿತ್ತು. ಉಳಿದ ತೊಡಕು ನಸುಕಿನದು. ನಾಲ್ಕೂವರೆಗೆ ಎದ್ದು ಮರಿಯನ್ನು ಬಾಲ್ಕನಿಗೆ ಒಯ್ಯುವವರು ಯಾರು? ಮಕ್ಕಳು ಏಳರು, ಗೃಹಿಣಿ ಮಲಗುವುದೇ ಹನ್ನೊಂದಕ್ಕೆ, ಯಜಮಾನರ ಗೊರಕೆಗೆ ಗಡಿಯಾರದ ಗಂಟೆ ಕೇಳಿಸದು. ಆ ಮನೆಯಲ್ಲಿ ಆ ಹೊತ್ತಿಗೆ ಎಚ್ಚರವಿರುವ ಜೀವ ಒಂದೇ.

‘ಸ್ನಾನಕ್ಕೆ ಮುಂಚೆ ಮುಟ್ಟಿದರೆ ಮಡಿಗೇನು ಕೆಡುಕು?’ ಎಂದರು ಅಜ್ಜಿ, ಯಾರೂ ಕೇಳದೆಯೇ.

ಈಗ ನಸುಕಿನಲ್ಲಿ ಹಜಾರದ ದೀಪ ಹೊತ್ತಿಕೊಳ್ಳುತ್ತದೆ. ಅಜ್ಜಿಯ ಕಾಲಿಗೆ ಒದ್ದೆ ಸಿಗುವ ಮುನ್ನವೇ ತಡಿಕೆ ತೆರೆಯುತ್ತದೆ. ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಮರಿ. ಹುಲ್ಲಿನ ತಟ್ಟೆಯ ಬಳಿ ನಿಂತು ಅವರು ‘ಆಯ್ತೇನೋ, ಆಯ್ತೇನೋ’ ಎನ್ನುತ್ತಿರುತ್ತಾರೆ. ಅದು ಆದ ಮೇಲೆ ಸೊಂಟದ ಸಿಕ್ಕಿನಿಂದ ಒಂದು ಚೂರು ಬಿಸ್ಕತ್ತು ಹೊರಬರುತ್ತದೆ. ಬಚ್ಚಲಲ್ಲಿ ನೀರು ಕಾಯುತ್ತಿರುತ್ತದೆ.