‘ಇಲ್ಲ’ ಎನ್ನುವ ಉಪಸರ್ಗಗಳು

ಇಂಗ್ಲಿಷಿನ ‘ಅನ್’, ‘ಇನ್’ ಎಂಬ ಉಪಸರ್ಗಗಳಿಗೆ ‘ಇಲ್ಲ’ ಎಂಬುದೊಂದೇ ಅರ್ಥವೆಂದು ಕಂಠಪಾಠ ಮಾಡುವ ವಿದ್ಯಾರ್ಥಿಗಳು ಬಹುಮಂದಿ. ‘ಅನ್‌ಹ್ಯಾಪಿ’ ಎಂಬಲ್ಲಿ ಈ ಸೂತ್ರ ಸಲ್ಲುತ್ತದೆ. ‘ಇನ್‌ವ್ಯಾಲ್ಯುಯಬಲ್’ ಎಂಬಲ್ಲಿ ಸಲ್ಲದು. ಅದು ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಕನ್ನಡದಲ್ಲಿ ಬಳಸುವ ‘ಅಮೂಲ್ಯ’ವೂ ಹಾಗೆಯೇ ಅಲ್ಲವೆ?

ರಾಯಚೂರು, ದೇವದುರ್ಗ, ಮಾನ್ವಿಗಳ ಮಕ್ಕಳಿಗೆ ಈ ವಿವೇಕ ಹೊಸತೇನೂ ಅಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ಆದುದರಿಂದ ಸಂಸ್ಕೃತದ ‘ಅ’, ‘ನಿರ್’ಗಳ ಜೊತೆಗೆ ಪಾರಸಿಯ ‘ಬೇ’, ‘ನಾ’, ಅರಬ್ಬಿಯ ‘ಗೈರು’ಗಳೂ ಇಲ್ಲಿಯ ಮಾತಿನಲ್ಲಿ ಬೇರುಬಿಟ್ಟಿವೆ. ಶಾಲೆಗೆ ಬಾರದವನು ಗೈರುಹಾಜರು. ಎಲ್ಲಿರುವನೆಂದು ತಿಳಿಯದವನು ನಾಪತ್ತೆ. ‘ಬೇಕಾರ್’ ಎಂದರೆ ಮೂಲತಃ ಕೆಲಸವಿಲ್ಲದವನು. ಜನರು ಅದನ್ನು ಕೆಲಸಕ್ಕೆ ಬಾರದ ವಸ್ತುವಿಗೂ ಹೇಳುತ್ತಾರೆ. ಇವನ್ನು ಯಾರೂ ಪಟ್ಟಿ ಮಾಡಿ ಕಲಿಯಲಿಲ್ಲ, ಬಳಕೆಯೇ ಕಲಿಸಿತು.

ಇಂಗ್ಲಿಷ್ ಪದಗಳನ್ನೂ ವಾಕ್ಯದೊಳಗಿಟ್ಟೇ ಕಲಿಯಬೇಕು. ಇಲ್ಲವಾದರೆ ನಷ್ಟವು ಪರೀಕ್ಷೆಯ ಅಂಕಗಳಿಗಷ್ಟೇ ನಿಲ್ಲದು. ಪೆಟ್ರೋಲ್ ಟ್ಯಾಂಕರುಗಳ ಮೇಲೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುವುದುಂಟು. ಈ ‘ಇನ್’ ನಿಷೇಧವಾಚಕವಲ್ಲ. ‘ಒಳಗೆ’ ಎಂಬ ಅರ್ಥದ ಲ್ಯಾಟಿನ್ ಉಪಸರ್ಗ. ಸುಲಭವಾಗಿ ಬೆಂಕಿ ಹತ್ತುವಂಥದು ಎಂದೇ ಆ ಪದದ ಅರ್ಥ. ಸೂತ್ರವನ್ನಷ್ಟೇ ನಂಬಿದವನು ಅದರ ಪಕ್ಕದಲ್ಲಿ ನಿಂತು ಬೀಡಿ ಹಚ್ಚಿಯಾನು!