‘ಬ್ಯಾಟರಿ ಟೋನ್’ ಅಂತ ಜೂನಿಯರ್‌ಗಳ ಜೇಬಿಗೆ ಕತ್ತರಿ ಹಾಕ್ಬೇಡಿ

1/5
ಮೊನ್ನೆ ಪ್ರಾಕ್ಟೀಸ್ ರೂಮಲ್ಲಿ ಜೂನಿಯರ್ ಒಬ್ಬ ಪಿಕ್ ಹುಡುಕೋಕೆ ಗಿಟಾರ್ ಬ್ಯಾಗ್ ಬೋರಲು ಹಾಕಿದ. ಬಿದ್ದಿದ್ದು ಐದು ಸತ್ತ 9 ವೋಲ್ಟ್ ಬ್ಯಾಟರಿ. ಒಂದೇ ತಿಂಗಳದ್ದು! “ಅಡಾಪ್ಟರ್ ಹಾಕಿದ್ರೆ ಟೋನ್ ಹಾಳಾಗುತ್ತೆ ಅಂತ ಸೀನಿಯರ್ಸ್ ಹೇಳಿದ್ರು ಅಣ್ಣಾ” ಅಂದ. ಟೋನ್ ಉಳಿಸೋಕೆ ಹೋಗಿ ತಿಂಡಿ ದುಡ್ಡು ಕಳ್ಕೊಂಡಿದ್ದಾನೆ. ಆ ಸೀನಿಯರ್ಸ್ ಯಾರು? ನಾವೇ ತಾನೆ?

2/5
ಲೆಕ್ಕ ನೋಡಿ. ಒಳ್ಳೆ ಆಲ್ಕಲೈನ್ 9 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್-ಅವರ್ ಇರುತ್ತೆ. ಸಾಮಾನ್ಯ ಅನಲಾಗ್ ಡಿಸ್ಟಾರ್ಷನ್ 10 ಮಿಲಿಆಂಪ್ ಎಳೆದ್ರೂ 50 ಗಂಟೆ ಬರ್ಬೇಕು. ಡಿಜಿಟಲ್ ಡಿಲೇ 60 ಎಳೆದ್ರೆ ಎಂಟು ಗಂಟೆ ಸಿಗೋದೂ ಕಷ್ಟ. ಡಿಲೇಗೆ ಬ್ಯಾಟರಿ ಹಾಕಿ ಅಂತ ಹೇಳೋದು ಸಲಹೆ ಅಲ್ಲ ಗುರು, ದಂಡ.

ಇನ್ನೊಂದು ವಿಷಯ ನಾವು ಅವನಿಗೆ ಹೇಳೇ ಇಲ್ಲ: ಪೆಡಲ್‌ನ ಇನ್‌ಪುಟ್ ಜ್ಯಾಕೇ ಬ್ಯಾಟರಿಯ ಸ್ವಿಚ್. ಕೇಬಲ್ ಚುಚ್ಚಿದ್ರೆ ಆನ್. ಲೈಟ್ ಆರಿದ್ರೂ ಕರೆಂಟ್ ಹರೀತಾನೇ ಇರುತ್ತೆ. ರಾತ್ರಿ ಕೇಬಲ್ ಬಿಟ್ಟು ಮಲಗಿದ್ರೆ ಎರಡೇ ದಿನಕ್ಕೆ 50 ಗಂಟೆ ಖಲಾಸ್.

3/5
“ಆದ್ರೂ ಬ್ಯಾಟರಿ ಸೌಂಡೇ ಬೇರೆ ಮಗಾ” ಅನ್ನೋರಿಗೆ ಒಂದು ಸವಾಲು. ಗೋಡೆ ಕಡೆ ತಿರುಗಿ ನಿಲ್ಲಿ. ಫ್ರೆಂಡ್ ಒಬ್ಬ ನಿಮ್ಮ ಓವರ್‌ಡ್ರೈವ್‌ಗೆ ಒಮ್ಮೆ ಹೊಸ ಬ್ಯಾಟರಿ, ಒಮ್ಮೆ ಒಳ್ಳೆ 9 ವೋಲ್ಟ್ ಅಡಾಪ್ಟರ್ ಹಾಕಿ ಅದೇ ರಿಫ್ ನುಡಿಸ್ಲಿ. ಹತ್ತು ಸಲ. ಒಂಬತ್ತು ಸಲ ಸರಿ ಹೇಳಿ, ಈ ಪೋಸ್ಟ್ ಡಿಲೀಟ್ ಮಾಡ್ತೀನಿ.

4/5
ಬ್ಯಾಟರಿಗೂ ನ್ಯಾಯ ಕೊಡೋಣ. 1966ರಲ್ಲಿ ಬಂದ ಫಜ್ ಫೇಸ್‌ಗೆ ಅಡಾಪ್ಟರ್ ಸಾಕೆಟ್ಟೇ ಇರಲಿಲ್ಲ. ಹಳೇ ಶೈಲಿಯ ಜರ್ಮೇನಿಯಂ ಫಜ್‌ಗಳಲ್ಲಿ ಹಲವು ಪಾಸಿಟಿವ್ ಗ್ರೌಂಡ್. ಬೇರೆ ಪೆಡಲ್ ಜೊತೆ ಒಂದೇ ಡೈಸಿ ಚೈನ್‌ಗೆ ಸಿಕ್ಕಿಸಿದ್ರೆ ಶಾರ್ಟ್ ಆಗುತ್ತೆ. ಅದಕ್ಕೆ ಬ್ಯಾಟರಿನೇ ಸರಿ. ಕಳಪೆ ಅಡಾಪ್ಟರ್ ‘ಗುಂಯ್’ ಅನ್ನೋದೂ ನಿಜ. ಅಂದ್ಮೇಲೆ ತಪ್ಪು ಕಳಪೆ ಅಡಾಪ್ಟರ್‌ದು. ಎಲ್ಲಾ ಅಡಾಪ್ಟರ್‌ಗೂ ಯಾಕೆ ಬೈಗುಳ?

5/5
ಇನ್ಮೇಲೆ ಜೂನಿಯರ್ ಕೇಳಿದ್ರೆ ಹೀಗೆ ಹೇಳಿ:
🔌 ನುಡಿಸಿ ಮುಗಿದ ತಕ್ಷಣ ಇನ್‌ಪುಟ್ ಕೇಬಲ್ ಕೀಳು.
🔌 ಡಿಜಿಟಲ್ ಪೆಡಲ್‌ಗೆ ಅಡಾಪ್ಟರ್. ಸಾಮಾನ್ಯವಾಗಿ 9 ವೋಲ್ಟ್, ಸೆಂಟರ್ ನೆಗೆಟಿವ್. ಆದ್ರೂ ಪೆಡಲ್ ಮೇಲೆ ಬರೆದಿರೋದು ನೋಡು. ಮನೆ ರೌಟರ್ ಅಡಾಪ್ಟರ್ ಚುಚ್ಚಬೇಡ, ಪೆಡಲ್ ಸುಡಬಹುದು.
🔌 ಸ್ಟೇಜ್‌ಗೆ ಹೋಗುವಾಗ ಬ್ಯಾಗಲ್ಲಿ ಒಂದು ಹೊಸ ಬ್ಯಾಟರಿ ಇರ್ಲಿ.
🔌 ರಜೆಗೆ ಊರಿಗೆ ಹೋಗುವಾಗ ಪೆಡಲ್‌ನಿಂದ ಬ್ಯಾಟರಿ ತೆಗೆ. ಲೀಕ್ ಆದ್ರೆ ಪೆಡಲ್ಲೇ ಹೋಗುತ್ತೆ.

ಸತ್ತ ಬ್ಯಾಟರಿಗಳನ್ನ ಕ್ಯಾಂಟೀನ್ ಡಬ್ಬಕ್ಕೆ ಎಸೀಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವನ್ನ ಬೇರೆ ಕಸದ ಜೊತೆ ಸೇರಿಸೋ ಹಾಗಿಲ್ಲ. ರೂಮಲ್ಲಿ ಒಂದು ಡಬ್ಬಿ ಇಟ್ಟಿದ್ದೀನಿ, ಅದಕ್ಕೆ ಹಾಕಿ.

ಟೋನ್ ಬೆರಳಲ್ಲಿದೆ ಅಂತ ಎಲ್ರಿಗೂ ಭಾಷಣ ಮಾಡೋರೂ ನಾವೇ, ಬ್ಯಾಟರಿ ಕೊಳ್ಳೋಕೆ ಅಂಗಡಿಗೆ ಓಡಿಸೋರೂ ನಾವೇ. ಯಾವುದಾದ್ರೂ ಒಂದು ಮಾತಿಗೆ ನಿಲ್ಲೋಣ.

ನಿಮಗೆ ಈ ಸುಳ್ಳು ಹೇಳಿದ ಸೀನಿಯರ್‌ನ ಕೆಳಗೆ ಟ್ಯಾಗ್ ಮಾಡಿ. ನನ್ನನ್ನ ಮಾಡಿದ್ರೂ ಬೇಜಾರಿಲ್ಲ 🙏

#ಗಿಟಾರ್ #ಪೆಡಲ್‌ಬೋರ್ಡ್ #ಕಾಲೇಜ್‌ಬ್ಯಾಂಡ್